ಬಾವಿ ಕಡೆ ಮರದ ಚಕ್ಕೋತ

ಖೈರುನ್ನೀಸಾ ಆಪಾ ಕೈಯಲ್ಲಿ ಹಿಡಿದಿದ್ದ ಆ ಚಕ್ಕೋತ ಅವರ ಮರದ್ದಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, ಮಳಿಗೆ ತುಂಬ ಜನರ ಎದುರು, "ಇದು ನಿಮ್ಮ ಮರದ್ದೇ, ಆಪಾ" ಅಂದೆ. ಆರು ವರ್ಷ ಆಯಿತು. ಇದುವರೆಗೆ ಯಾರಿಗೂ ಹೇಳಿಲ್ಲ — ಹೆಂಡತಿಗೂ.

ನಾನು ದೇವನಹಳ್ಳಿಯವನು. ಹೆದ್ದಾರಿ ಪಕ್ಕ ಒಂದು ದೊಡ್ಡ ಕಂಪನಿ ಹಣ್ಣು-ತರಕಾರಿ ಮಳಿಗೆ ತೆರೆದಾಗ ಅದರ ಖರೀದಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೊದಲ ದಿನ ಒಳಗೆ ಕಾಲಿಟ್ಟವನು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ನಮ್ಮ ಸಂತೆ ಮೈದಾನದಷ್ಟು ಜಾಗ, ಎಲ್ಲ ತಣ್ಣಗೆ. ಯಾವುದೋ ದೇಶದ ಸೇಬು, ಸಮುದ್ರ ದಾಟಿ ಬಂದ ಕಿತ್ತಳೆ — ಒಂದರ ಹಾಗೇ ಇನ್ನೊಂದು. ಇಷ್ಟನ್ನೆಲ್ಲ ತಂದು ಜೋಡಿಸುವವರ ಕೈಲಿ ಆಗದ್ದು ಏನಿದೆ ಅನ್ನಿಸಿತ್ತು.

ಆಪಾ ನಮ್ಮ ಬೀದಿಯ ಕೊನೆ ಮನೆಯವರು. ಹಿತ್ತಿಲಲ್ಲಿ ನಾಲ್ಕು ಚಕ್ಕೋತ ಮರ. ಹಣ್ಣು ಬೇಕೆಂದು ಯಾರೇ ಹೋದರೂ ಅವರು ಮೊದಲು ಕೇಳುವುದು ಒಂದೇ ಮಾತು: "ಯಾರು ತಿನ್ನೋದು?" ಬಸುರಿಗಾದರೆ ಬಾವಿ ಕಡೆ ಮರದ್ದು, ಅದು ಸಿಹಿ. ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ ಗೋಡೆ ಕಡೆಯದ್ದು, ಚೂರು ಹುಳಿ. ಗಣೇಶನ ಹಬ್ಬಕ್ಕೆ ಅಂದರೆ ಎರಡು ಎಲೆ ಸಮೇತ ಕೊಯ್ದು ಕೊಡುವರು. ನನ್ನ ತಾಯಿ ಕೊನೆಗಾಲದಲ್ಲಿ ಏನೂ ಸೇರದೆ ಮಲಗಿದ್ದಾಗ, ಆಪಾ ದಿನವೂ ಗೋಡೆ ಕಡೆ ಮರದ ಹಣ್ಣು ಸುಲಿದು, ಬೀಜ ತೆಗೆದು, ಬಟ್ಟಲಲ್ಲಿ ಕಳಿಸುತ್ತಿದ್ದರು. ಅಮ್ಮ ತಿಂದದ್ದು ಅದೊಂದನ್ನೇ. ಉಳಿದದ್ದನ್ನು ನಾನು ತಿನ್ನುತ್ತಿದ್ದೆ. ಆ ರುಚಿ ನನಗೆ —

ಇರಲಿ. ಕಂಪನಿಯವರಿಗೆ 'ನಿಮ್ಮೂರಿನ ಹಣ್ಣು' ಅಂತ ಒಂದು ವಿಭಾಗ ಬೇಕಾಯಿತು. ಆಪಾ ಹೆಸರು ಹೇಳಿದವನು ನಾನೇ. ಅವರು ತಲೆ ಮೇಲಿನ ಸೆರಗು ಸರಿ ಮಾಡಿಕೊಂಡು, ನಾಚಿಕೊಂಡು, ಬಾವಿ ಕಡೆ ಮರದ ಕೆಳಗೆ ಫೋಟೋಗೆ ನಿಂತರು. ಆಳೆತ್ತರದ ಬ್ಯಾನರ್ ಆಯಿತು. ಹಣ್ಣು ತುಂಬಲು ಗಾಡಿ ಬಂದ ದಿನ, "ಇಷ್ಟೊಂದಾ! ಯಾರಪ್ಪಾ ತಿನ್ನೋದು?" ಅಂತ ಕೇಳಿದರು. ಕಂಪನಿಯವರು ನಕ್ಕರು. ನಾನೂ ನಕ್ಕೆ.

ನಾಲ್ಕು ಮರ ಎಷ್ಟು ದಿನ ಕೊಟ್ಟೀತು? ಹಣ್ಣು ಮುಗಿಯಿತು, ಬ್ಯಾನರ್ ಉಳಿಯಿತು. "ಅದರ ಕೆಳಗೆ ಬುಟ್ಟಿ ಖಾಲಿ ಇರಬಾರದು ನಾಗರಾಜ್" ಅಂದರು ಮೇಲಿನವರು. ಎಲ್ಲಿಂದ ತರಬೇಕು ಅಂತ ಅವರು ಹೇಳಲಿಲ್ಲ. ದೂರದ ಮಾರುಕಟ್ಟೆಯಿಂದ ಲಾರಿಯಲ್ಲಿ ತರಿಸಿದವನು ನಾನು. ದೇವನಹಳ್ಳಿ ಚಕ್ಕೋತ ಅಂತ ಒಂದೊಂದಕ್ಕೂ ಚೀಟಿ ಅಂಟಿಸಿದ್ದು ಈ ಕೈ.

ವಾರದಲ್ಲೇ ನಮ್ಮ ಬೀದಿಯ ಹೆಂಗಸೊಬ್ಬಳು ಆಪಾ ಮನೆಗೆ ಹೋಗಿ, "ಬಸುರಿ ಮಗಳಿಗೆ ಅಂತ ಮಳಿಗೆಯಿಂದ ತಗೊಂಡ್ಹೋದೆ ಆಪಾ, ನಿಮ್ಮ ಹಣ್ಣು ಬರೀ ಕಹಿ" ಅಂದಳಂತೆ. ಆಪಾ ಆವತ್ತೇ ಮಳಿಗೆಗೆ ಬಂದರು. ತಮ್ಮದೇ ಬ್ಯಾನರ್ ಕೆಳಗೆ ನಿಂತು ಒಂದು ಹಣ್ಣು ಎತ್ತಿ ಅಂಗೈಯಲ್ಲಿ ತೂಗಿದರು. ಕಣ್ಣು ಮುಚ್ಚಿ ತೊಟ್ಟಿನ ಹತ್ತಿರ ಮೂಸಿದರು. ಒಂದು ಉಸಿರು, ಅಷ್ಟೇ.

"ಇದು ನಮ್ದಲ್ಲ."

ಚೀಟಿ ಓದದೆ, ಕಂಪ್ಯೂಟರ್ ನೋಡದೆ, ಒಂದು ಹಣ್ಣಿನ ಊರು ಹೇಳಬಲ್ಲವರು ಅಷ್ಟು ದೊಡ್ಡ ಮಳಿಗೆಯಲ್ಲಿ ಅವರೊಬ್ಬರೇ. ನಾನು ಅವರಿಗೆ ಕೈ ಮುಗಿಯಬೇಕಿತ್ತು. ಆಗಲೇ ಆ ಮಾತು ಆಡಿದೆ — ನಿಮ್ಮ ಮರದ್ದೇ, ಆಪಾ. ಅವರು ನನ್ನ ಮುಖ ನೋಡಿದರು. ಹಣ್ಣನ್ನು ಮೆಲ್ಲಗೆ ಬುಟ್ಟಿಯಲ್ಲಿಟ್ಟು ಹೋದರು. "ವಯಸ್ಸಾಯ್ತು, ಪಾಪ" ಅಂದರು ಯಾರೋ. ನಾನು ಬುಟ್ಟಿಯ ಹಣ್ಣು ಸರಿಯಾಗಿ ಜೋಡಿಸತೊಡಗಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಆಪಾ ನಮ್ಮ ಮನೆಗೆ ಬಂದರು. ಕೈಯಲ್ಲಿ, ಮನೆಗೆಂದು ಉಳಿಸಿಕೊಂಡಿದ್ದ ಗೋಡೆ ಕಡೆ ಮರದ ಒಂದು ಹಣ್ಣು. ಜಗಲಿಯಲ್ಲಿ ಕೂತು ತಾವೇ ಸುಲಿದು ನನ್ನ ಕೈಗಿಟ್ಟರು.

"ತಿನ್ನು ಬೇಟಾ. ನಿಂಗೆ ರುಚಿ ಮರ್ತೋಗಿದೆ. ಊರೂರಿನ ಹಣ್ಣು ದಿನಾ ಮುಟ್ಟೋ ಕೈ, ಮರೆಯುತ್ತೆ. ತಪ್ಪೇನಿಲ್ಲ."

ನಾನು ಸುಳ್ಳು ಹೇಳಿರಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಇಂಥ ನಂಬಿಕೆ ಹೇಗೆ ಸಾಧ್ಯ ಅಂತ ಇವತ್ತಿಗೂ ಬೆರಗಾಗುತ್ತೇನೆ. ಬಾಯಿ ತುಂಬ ಅಮ್ಮನ ಬಟ್ಟಲಿನದೇ ಹುಳಿ. "ಹೂಂ ಆಪಾ, ಮರ್ತಿದ್ದೆ" ಅಂದೆ. ಮೊದಲಿನದಕ್ಕಿಂತ ದೊಡ್ಡ ಸುಳ್ಳು ಇದು.

ಮರುವರ್ಷ ಬ್ಯಾನರ್ ಹೋಯಿತು. ನಾನು ಈಗಲೂ ಅಲ್ಲೇ ಇದ್ದೇನೆ. ಸ್ಥಳೀಯ ಅಂದರೆ ಇಷ್ಟು ಕಿಲೋಮೀಟರ್ ಒಳಗೆ ಬೆಳೆದದ್ದು ಅಂತ ಸಭೆಗಳಲ್ಲಿ ಹೇಳುತ್ತಾರೆ, ತಲೆ ಆಡಿಸುತ್ತೇನೆ. ತಿನ್ನುವವರು ಯಾರು ಅಂತ ಕೇಳಿ ಕೊಯ್ದ ಹಣ್ಣು ಎಷ್ಟು ಕಿಲೋಮೀಟರ್ — ಯಾರನ್ನು ಕೇಳಲಿ?

ಅಂದಿನಿಂದ ಪ್ರತಿ ವರ್ಷ ಮೊದಲ ಹಣ್ಣು ನಮ್ಮ ಮನೆಗೇ ಬರುತ್ತದೆ, ನನಗೆ ಮರೆಯದಿರಲಿ ಅಂತ. ಈ ವರ್ಷದ್ದು ಇನ್ನೂ ಬಂದಿಲ್ಲ. ಬರುವ ಮುಂಚೆ, ನಾಳೆ ಬೆಳಿಗ್ಗೆ, ನಾನೇ ಹೋಗುತ್ತೇನೆ. ಗೇಟು ತೆಗೆದ ಕೂಡಲೇ ಕೇಳುತ್ತಾರೆ, ಯಾರು ತಿನ್ನೋದು ಅಂತ.

ನಾನೇ, ಆಪಾ. ನಂಗೆ ರುಚಿ ಯಾವತ್ತೂ ಮರ್ತೋಗಿರಲಿಲ್ಲ.