ಲಗಮಪ್ಪ ಕಾಕಾನ ತಡೆಗಂಟು

ಆ ದಿನ ಬೆಳಿಗ್ಗೆಯೂ ನಳದ ನೀರು ಆರು ಗಂಟೆಗೇ ಬಂತು. ಕೊಡಗಳನ್ನು ತುಂಬಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ರೊಟ್ಟಿ ಬಡಿಯಲು ಕುಳಿತೆ. ನಮ್ಮವರು ಅರಭಾವಿಯ ಕಾಲೇಜಿನಲ್ಲಿ ಕೆಲಸಕ್ಕಿದ್ದಾರೆ. ಗೋಕಾಕದಿಂದ ಎಂಟೂಕಾಲಿನ ಬಸ್ಸು ಹಿಡಿಯಬೇಕು. ಡಬ್ಬಿಗೆ ನಾಲ್ಕು ರೊಟ್ಟಿ, ಹೆಸರುಕಾಳಿನ ಪಲ್ಯ ಹಾಕಿ, ಶೇಂಗಾ ಚಟ್ನಿಯನ್ನು ಬೇರೆ ಪೊಟ್ಟಣ ಕಟ್ಟಿ ಕೊಟ್ಟೆ. ಅವರು ಗೇಟು ದಾಟುವಾಗ ಲಗಮಪ್ಪ ಕಾಕಾ ಎದುರಿಗೆ ಬಂದರು. ಹಲ್ಲುಗಳ ನಡುವೆ ಒಂದು ದಾರವಿತ್ತು.

ಕಾಕಾ ಇಲ್ಲವಾಗಿ ಈಗ ಎರಡು ಮಳೆಗಾಲ ಕಳೆದವು. ಅವರನ್ನು ನೆನೆದಾಗ ಮೊದಲು ಕಾಣುವುದು ಮುಖವಲ್ಲ, ಆ ದಾರ. ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ಎಡಗೈಯ ಹೆಬ್ಬೆರಳಿಗೆ. ಮಾತಾಡುವಾಗಲೂ ತೆಗೆಯುತ್ತಿರಲಿಲ್ಲ. ಹಾಗಾಗಿ ಅವರ ಮಾತೆಲ್ಲ ಹಲ್ಲು ಕಚ್ಚಿಕೊಂಡೇ ಬರುತ್ತಿತ್ತು. ಹೊಸದಾಗಿ ಕೇಳಿದವರಿಗೆ ಸಿಟ್ಟಿನಲ್ಲಿದ್ದಾರೆ ಅನ್ನಿಸಬೇಕು, ಹಾಗೆ.

ತುಕ್ಕಾನಟ್ಟಿಯವರಾದ ಅವರು ಚಿಕ್ಕಂದಿನಲ್ಲೇ ನೂಲಿನ ಗಿರಣಿಗೆ ಸೇರಿದ್ದರಂತೆ. ಓಡುವ ಯಂತ್ರದ ಮುಂದೆ ನಿಂತು ಹರಿದ ನೂಲಿಗೆ ಗಂಟು ಹಾಕುವುದು ಅಲ್ಲಿ ಅವರ ಕೆಲಸ. ನಿವೃತ್ತರಾದ ಮೇಲೂ ಬೆರಳುಗಳು ಸುಮ್ಮನಿರಲಿಲ್ಲ. ನಮ್ಮ ಓಣಿಯ ಕೊನೆಯಲ್ಲಿ ಒಂದು ಕೋಣೆ ಹಿಡಿದು, ದಿನಾ ಹೊಳೆಗೆ ಹೋಗಿ ಗಾಳ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಆದರೂ ಅವರು ತಿಂಗಳಿಗೆ ಎರಡು ಸಲವಾದರೂ ನಮ್ಮ ಬಾಗಿಲಿಗೆ ಬರುತ್ತಿದ್ದರು. ಅದಕ್ಕೆ ಕಾರಣ ನನ್ನ ದಾರದ ಡಬ್ಬಿ.

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕಸೂತಿ ಕಲಿಸಿದ್ದರು. ಬಿಸ್ಕತ್ತಿನ ದೊಡ್ಡ ಡಬ್ಬಿಯಲ್ಲಿ ಬಣ್ಣ ಬಣ್ಣದ ದಾರಗಳನ್ನು ಈಗಲೂ ಇಟ್ಟಿದ್ದೇನೆ. ಕಾಕಾ ಮೆಟ್ಟಿಲ ಮೇಲೆ ಕುಳಿತು ಒಂದೊಂದೇ ಎಳೆಯನ್ನು ಎತ್ತಿ, ತಮ್ಮ ಗಾಳದ ನೈಲಾನು ದಾರಕ್ಕೆ ಸುತ್ತಿ, ಗಂಟು ಹಾಕಿ, ಎಳೆದು ನೋಡುತ್ತಿದ್ದರು.

“ಈ ರೇಶಿಮಿ ಚಂದ ಐತ್ರಿ ಅಕ್ಕಾರ, ಆದ್ರ ಜಾರತೈತಿ. ಉಣ್ಣಿ ದಪ್ಪ ಆತು, ಕೋಲಿನ ಬಳಿಯೊಳಗ ಸಿಕ್ಕೊಂತೈತಿ. ಇದ ನೋಡ್ರಿ, ಹತ್ತೀದು. ನೀರ ಕುಡದ್ರ ಉಬ್ಬಿ ಗಟ್ಟಿ ಹಿಡಿತೈತಿ.”

“ಅಂಗಡ್ಯಾಗ ರಬ್ಬರಿನ ಗಂಟ ಸಿಗತಾವಂತಲ್ಲ ಕಾಕಾ?”

“ಸಿಗತಾವ್ರಿ. ಬಿಸಲಿಗಿ ಬಿರಕ ಬಿಡತಾವು. ಬಿರಕ ಬಿಟ್ಟದ್ದು ಹೇಳೂದಿಲ್ಲ ಅದು, ಸುಮ್ಕ ಜಾರತೈತಿ. ಸುಳ್ಳ ಹೇಳೂ ಗಂಟ ಕಟಗೊಂಡು ಏನ ಮಾಡ್ಲಿ?”

ಅವರು ‘ತಡಿಗಂಟ’ ಅನ್ನುತ್ತಿದ್ದ ಆ ಗಂಟಿನ ಕೆಲಸವೇನೆಂದು ನನಗೆ ಅರ್ಥವಾದದ್ದು ಹಿಡಕಲ್ ಹಿನ್ನೀರಿನಲ್ಲಿ. ಬೆಲ್ಲದ ಬಾಗೇವಾಡಿಗೆ ಕೊಟ್ಟ ಮಗಳನ್ನು ನೋಡಲು ಹೋದಾಗಲೆಲ್ಲ ಕಾಕಾ ಅಲ್ಲಿಗೆ ಹೋಗುತ್ತಿದ್ದರು. ಒಮ್ಮೆ ನನ್ನನ್ನೂ ನಮ್ಮವರನ್ನೂ ಕರೆದುಕೊಂಡು ಹೋದರು. ನೀರಿನ ಮೇಲೆ ತೇಲುವ ಅವರ ಬೆಂಡು ಜೋಳದ ದಂಟಿನದು. ದಾರಕ್ಕೆ ಕಟ್ಟಿ ನಿಲ್ಲಿಸಿದ್ದಲ್ಲ, ದಾರದ ಮೇಲೆ ಆಚೀಚೆ ಸರಿದಾಡುವಂಥದ್ದು. ಕೋಲು ಬೀಸಿದಾಗ ಬೆಂಡು ಕೆಳಗೆ, ಸೀಸದ ಗುಂಡಿನ ಹತ್ತಿರವೇ ಇರುತ್ತಿತ್ತು. ನೀರಿಗೆ ಬಿದ್ದ ಮೇಲೆ ಗುಂಡು ಇಳಿಯುತ್ತಾ ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಗಂಟು ಬಂದು ಬೆಂಡಿಗೆ ತಾಗಿದ ಕೂಡಲೇ ಎಲ್ಲವೂ ನಿಂತುಬಿಡುತ್ತಿತ್ತು. ಗಂಟು ಎಷ್ಟು ಮೇಲಿದೆಯೋ ಗಾಳ ಅಷ್ಟು ಆಳದಲ್ಲಿ.

“ಬೆಂಡ ನೋಡಬ್ಯಾಡ್ರಿ ಅಕ್ಕಾರ. ಅದು ಮ್ಯಾಲ ಕುಣ್ಯೂದು. ಗಂಟ ನೋಡ್ರಿ. ಕೆಳಗ ಏನೈತಿ ಅನ್ನೂದು ಅದಕ್ಕ ಗೊತ್ತು.”

ಅಂದು ನಾನೂ ಒಂದು ಗಂಟು ಕಟ್ಟಿದೆ. ಎಂಜಲು ಹಚ್ಚಿ ಒದ್ದೆ ಮಾಡಿ ಬಿಗಿಯಬೇಕು, ಒಣದಾರ ಉಜ್ಜಿದರೆ ನೈಲಾನು ಸುಡುತ್ತದೆ ಎಂದರು. ಹಾಗೆಯೇ ಮಾಡಿದೆ. ಆಮೇಲೆ ಎರಡೂ ಕಡೆ ಉಳಿದ ತುದಿಗಳನ್ನು ಕತ್ತರಿಯಿಂದ ಒಪ್ಪವಾಗಿ ಕತ್ತರಿಸಿಬಿಟ್ಟೆ. ಕಸೂತಿಯ ಹಿಂಬದಿಯಲ್ಲಿ ಒಂದು ಎಳೆಯೂ ಕಾಣಬಾರದು ಎಂಬುದು ಸಿಸ್ಟರ್‌ಗಳ ಪಾಠ. ಮೂರನೆಯ ಎಸೆತಕ್ಕೆ ಗಂಟು ಬಿಚ್ಚಿಕೊಂಡು, ಬೆಂಡು ದಾರದುದ್ದಕ್ಕೂ ಸರಿದು ಹೋಯಿತು.

ಕಾಕಾ ಬೈಯಲಿಲ್ಲ. “ಚಂದ ಮಾಡಿದ್ರಿ, ಕೆಟ್ಟಹೋತು” ಎಂದಷ್ಟೇ ಅಂದು, ಅರ್ಧ ಬೆರಳಿನಷ್ಟು ತುದಿ ಬಿಟ್ಟು ತಾವೇ ಮತ್ತೆ ಕಟ್ಟಿದರು.

ಗಂಟು ಬೆಂಡಿನ ತೂತಿನೊಳಗೆ ನುಗ್ಗದಂತೆ ನಡುವೆ ಒಂದು ಮಣಿ ಬೇಕು. ಮನೆಗೆ ಬಂದ ಮೇಲೆ ಅದನ್ನೂ ಕೇಳಿದರು. ತಾಳಿಯ ಸರ ಹೊಸದಾಗಿ ಪೋಣಿಸಿದಾಗ ಉಳಿದ ನಾಲ್ಕು ಕರಿಮಣಿ ನನ್ನ ಬಳಿ ಇದ್ದವು. ಅವನ್ನು ಅಂಗೈಯಲ್ಲಿಟ್ಟು ಚಾಚಿದೆ. ಕಾಕಾ ಕೆಂಡ ಕಂಡವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು.

“ಒಳಗ ಇಡ್ರಿ ಅವನ್ನ. ಹೊಳಿ ಒಮ್ಮೆ ರುಚಿ ನೋಡಿದ್ರ ಬಿಡೂದಿಲ್ಲ.”

ನನ್ನ ಮಗಳ ಹರಿದ ಸರದಿಂದ ಎರಡು ಹಳದಿ ಪ್ಲಾಸ್ಟಿಕ್ ಮಣಿ ತಂದು ಕೊಟ್ಟೆ.

ಆ ಬೇಸಿಗೆಯಲ್ಲಿ ನಮ್ಮ ಓಣಿಯವರು ಬಟ್ಟೆ ಒಗೆಯುವ ಕಲ್ಲುಗಳ ಮುಂದೆಯೇ ಯಾರೋ ಮರಳು ತೆಗೆದಿದ್ದರು. ಯಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೆಸರು ಎತ್ತಲಿಲ್ಲ. ಮಳೆ ಬಂತು, ಹೊಳೆ ತುಂಬಿತು, ಕುಣಿ ನೀರಿನಡಿ ಮರೆಯಾಯಿತು. ನೀರು ಇಳಿದಾಗ ಎಲ್ಲ ಹಳೆಯ ಹಾಗೆಯೇ ಕಂಡಿತು. ಅದೇ ಕಲ್ಲು, ಅದೇ ಕೆಂಪು ನೀರು, ಮೇಲೆ ಅದೇ ಸಮ.

ಮಹಾನವಮಿಗೆ ವಾರವಿರುವಾಗ ಕಾಕಾ ಗಾಳದ ಕೋಲನ್ನು ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ಸೀಸದ ಗುಂಡನ್ನು ನಮ್ಮ ಹೊಸ್ತಿಲ ಮೇಲೆ ಇಟ್ಟು, ಕಾಲಿನಿಂದ ಒತ್ತಿ ಹಿಡಿದು, ದಾರವನ್ನು ಮೇಲಕ್ಕೆ ಎಳೆದರು. ಸೊಂಟದ ಮಟ್ಟದಲ್ಲಿ ಒಂದು ಹಳೆಯ ಬಿಳಿ ಗಂಟು ಇತ್ತು.

“ಇದು ಹ್ವಾದ ವರ್ಷದ್ದು. ಒಗಿಯೂ ಕಲ್ಲಿನ ಮುಂದ.”

ದಾರ ಇನ್ನೂ ಮೇಲೆ ಹೋಯಿತು. ನನ್ನ ತಲೆ ದಾಟಿತು. ಬಾಗಿಲ ಚೌಕಟ್ಟನ್ನೂ ದಾಟಿ ಅವರ ಚಾಚಿದ ಕೈಯ ತುದಿಯಲ್ಲಿ ಒಂದು ಕೆಂಪು ಗಂಟು ಕಂಡಿತು. ಎರಡು ದಿನದ ಹಿಂದೆ ನಾನೇ ಕೊಟ್ಟ ದಾರ.

“ಇದು ಈ ವರ್ಷದ್ದು. ಇಷ್ಟ ಮ್ಯಾಲ ಸರಿಸಿದ ಮ್ಯಾಲ ಬೆಂಡ ತಲಿ ಎತ್ತಿತು. ಅಲ್ಲೀತನಕಾ ಗುಂಡ ಅದನ್ನ ಒಳಗ ಎಳದ ಎಳದ ಒಯ್ಯಾಕತ್ತಿತ್ರಿ.”

ನಾನು ನಮ್ಮ ಹೊಸ್ತಿಲನ್ನೇ ನೋಡುತ್ತಾ ನಿಂತೆ. ಅದರ ಮೇಲೆ ನಿಂತವರು ಯಾರೇ ಆಗಲಿ, ನೀರು ಅವರ ತಲೆಯ ಮೇಲಿರುತ್ತಿತ್ತು.

ಮಹಾನವಮಿಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಹೊಳೆಗೆ ಒಯ್ದು ಒಗೆಯುವುದು ನಮ್ಮ ಕಡೆಯ ಪದ್ಧತಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆ ಅದು. ನೆಂದ ಕೌದಿಯನ್ನು ಒಬ್ಬರು ಎತ್ತಲಾರರು. ಸೊಂಟದ ಮಟ್ಟ ನೀರಿಗೆ ಇಳಿದು, ಇಬ್ಬರು ಎರಡು ಕಡೆ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹಿಗ್ಗಿಸಿ ಜಾಲಿಸಬೇಕು. ಹಿಂದೆ ನೋಡುವವರು ಯಾರೂ ಇಲ್ಲ. ಆ ತಳ ಅವರ ಪಾದಗಳಿಗೆ ಮದುವೆಯಾಗಿ ಬಂದಾಗಿನಿಂದ ಪರಿಚಯ.

ಕಾಕಾ ಓಣಿಯ ಹೆಂಗಸರಿಗೆಲ್ಲ ಹೇಳಿದರು. ನಮ್ಮ ಪಕ್ಕದ ಮನೆಯ ಕಸ್ತೂರೆವ್ವ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

“ನಮ್ಮತ್ತಿ ಅಲ್ಲೇ ಒಗದಾಳ, ಅಕಿ ಅತ್ತಿನೂ ಅಲ್ಲೇ ಒಗದಾಳ. ನಿನಗ ಮೀನ ಹಿಡಿಯಾಕ ಜಾಗಾ ಬೇಕಾಗೇತಿ, ಅದಕ್ಕ ನಮ್ಮನ್ನ ಅಂಜಸ್ತಿ ಏನೋ ಕಾಕಾ?”

“ಮೀನ ಎಲ್ಲ್ಯಾರ ಸಿಗತಾವ ತಂಗಿ. ನೀ ಸಿಗೂದಿಲ್ಲ.”

“ನಾ ಯಾಕ ನಿನ್ನ ಗಾಳಕ್ಕ ಸಿಗಲಿ!” ಎಂದಳು. ಎಲ್ಲರೂ ನಕ್ಕರು. ದಾರ ಕಚ್ಚಿಕೊಂಡಿದ್ದ ಕಾಕಾ ಮಾತ್ರ ನಗಲಿಲ್ಲ.

ಕೊನೆಗೆ ನನ್ನ ಹತ್ತಿರ ಬಂದು, ನಗರಸಭೆಯ ಕಚೇರಿಗೆ ಒಂದು ಅರ್ಜಿ ಬರೆದುಕೊಡಲು ಕೇಳಿದರು. ಅಲ್ಲೊಂದು ಹಗ್ಗ ಕಟ್ಟಿಸಲಿ, ಫಲಕ ಹಾಕಿಸಲಿ ಎಂದು. “ನೀವು ಕಲತಾರ ಇದ್ದೀರಿ ಅಕ್ಕಾರ. ನಿಮ್ಮ ಅಕ್ಷರ ನೋಡಿದ್ರ ಅವರು ಓದತಾರ.”

ನಾನು ಬರೆದೆ. ಸ್ಥಳ, ವಿಷಯ, ಎಡಗಡೆ ಅಂಚು ಬಿಟ್ಟು ಎಲ್ಲವನ್ನೂ ಕ್ರಮವಾಗಿ ಬರೆದೆ. ‘ಸುಮಾರು ಏಳು ಅಡಿ ಆಳ’ ಎಂದೂ ಬರೆದೆ. ಮುಂದೆ ‘ಅಗಲ’ ಎಂದು ಬರೆದು ಜಾಗ ಖಾಲಿ ಬಿಟ್ಟೆ.

ಮತ್ತೆ ಆ ಬೆಳಿಗ್ಗೆಗೇ ಬರುತ್ತೇನೆ. ನಮ್ಮವರು ಬಸ್ಸಿಗೆ ಹೋದರು. ಕಾಕಾ ಮೆಟ್ಟಿಲ ಮೇಲೆ ಕುಳಿತರು. ಓಣಿಯುದ್ದಕ್ಕೂ ಮನೆಗಳ ಮುಂದೆ ಕೌದಿಗಳ ರಾಶಿ ಬಿದ್ದಿತ್ತು. ಮಧ್ಯಾಹ್ನ ಉಂಡು ಹೊಳೆಗೆ ಹೋಗುವ ಮಾತು ಎಲ್ಲರ ಬಾಯಲ್ಲೂ ಇತ್ತು.

“ಅರ್ಜಿ ಆತೇನ್ರಿ ಅಕ್ಕಾರ? ಕೊಡ್ರಿ, ಈಗ ಒಯ್ಯತೇನಿ.”

“ಇಲ್ಲಿ ನೋಡ್ರಿ ಕಾಕಾ, ಅಗಲ ಎಷ್ಟಂತ ಗೊತ್ತಾಗಲಿಲ್ಲ. ಕಚೇರಿಯವರು ಅದನ್ನ ಮೊದಲ ಕೇಳತಾರ. ಅರ್ಧಮರ್ಧ ಕೊಟ್ರ ತಿರುಗಿಸಿ ಕಳಸ್ತಾರ.”

ಹೀಗೆಯೇ ಹೇಳಿದೆ. ಮೆಲ್ಲಗೆ, ತಿಳಿಹೇಳುವವರ ಹಾಗೆ. ಖಾಲಿ ಬಿಟ್ಟ ಕಾಗದವನ್ನು ಯಾರ ಕೈಗೂ ಕೊಡಬಾರದು ಎಂಬುದು ನನಗೆ ಎಷ್ಟು ಸಹಜವಾಗಿತ್ತೆಂದರೆ, ಎದುರಿಗಿದ್ದ ಮನುಷ್ಯನಿಗೆ ಎಪ್ಪತ್ತು ದಾಟಿದೆ ಎಂಬುದು ನೆನಪಾಗಲಿಲ್ಲ. ‘ಅಗಲ ತಿಳಿದಿಲ್ಲ’ ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು.

ಕಾಕಾ ಕಾಗದದ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ಖಾಲಿ ಜಾಗ ಕಾಣುತ್ತಿತ್ತಲ್ಲ.

“ಆಳಕ್ಕ ಗಂಟ ಐತ್ರಿ. ಅಗಲಕ್ಕ ಕಾಲ ಬೇಕು” ಎಂದರು. “ಸೆಳವ ಐತಿ, ಗುಂಡ ಒಂದ ಕಡೆ ನಿಂದರೂದಿಲ್ಲ. ದಂಡಿ ಹಿಡದ ನಡದ ನೋಡಬೇಕ.”

“ನೀರಿಗಿ ಇಳೀಬ್ಯಾಡ್ರಿ ಮತ್ತ.”

“ಮೊಣಕಾಲತನಕಾ ಅಷ್ಟ. ಹೆಣಮಕ್ಕಳು ಬರೂದರಾಗ ಮುಗಿಸಿ ಬರತೇನಿ.”

ದಾರದ ಡಬ್ಬಿಯಿಂದ ಹಸಿರು ಎಳೆಯೊಂದನ್ನು ಆರಿಸಿಕೊಂಡರು. ಬಾಯಲ್ಲಿ ಒದ್ದೆ ಮಾಡಿ, ಅಲ್ಲೇ ಕುಳಿತು ಗಂಟು ಹಾಕಿ, ಉಗುರಿನಿಂದ ಒತ್ತಿ ಪರೀಕ್ಷಿಸಿದರು. ಎದ್ದು ಹೋಗುವಾಗ ಕೋಲಿನ ತುದಿ ನಮ್ಮ ಮಲ್ಲಿಗೆಯ ಬಳ್ಳಿಗೆ ತಾಗಿ ನಾಲ್ಕು ಹೂ ಉದುರಿದವು. “ತಪ್ಪಾತ್ರಿ ಅಕ್ಕಾರ” ಎಂದು ಬಾಗಿ ಹೆಕ್ಕಿ, ಕಟ್ಟೆಯ ಮೇಲಿಟ್ಟು ಹೋದರು.

ಅರ್ಜಿಯನ್ನು ಮೇಜಿನ ಮೇಲೆ ಗಾಳಿಗೆ ಹಾರದಂತೆ ಇಟ್ಟು, ಪೆನ್ನನ್ನೂ ಪಕ್ಕದಲ್ಲಿಟ್ಟು ಕಾದೆ. ಮಧ್ಯಾಹ್ನ ಒಂದು ಗಂಟೆಯಾಯಿತು. ಕಸ್ತೂರೆವ್ವ ಮತ್ತು ಉಳಿದವರು ಕೌದಿಯ ಬುಟ್ಟಿ ಹೊತ್ತು ಹೊರಟರು. ಗೇಟಿನ ಹತ್ತಿರ ಓಡಿ ಹೋಗಿ, ಹಳೆಯ ಕಲ್ಲಿನ ಹತ್ತಿರ ಇಳಿಯಬೇಡಿರೆಂದು ಹೇಳಿದೆ. “ಕಾಕಾನ ಗಾಳಿ ನಿಮಗೂ ಬಡೀತ ವೈನಿ?” ಎಂದು ಕಸ್ತೂರೆವ್ವ ನಕ್ಕು ಹೋದಳು. ಮೂರು ಗಂಟೆಗೆ ಕಾಕಾನ ಕೋಣೆಯವರೆಗೆ ಹೋಗಿ ಬಂದೆ. ಬೀಗ ಹಾಕಿತ್ತು. ಹೊಳೆಯ ಕಡೆ ನಾಲ್ಕು ಹೆಜ್ಜೆ ಇಟ್ಟವಳು, ಮಗಳು ಶಾಲೆಯಿಂದ ಬರುವ ಹೊತ್ತಾಯಿತೆಂದು ತಿರುಗಿ ಬಂದೆ. ಆ ನಾಲ್ಕು ಹೆಜ್ಜೆಗಳ ಜಾಗ ನನಗೆ ಈಗಲೂ ಗೊತ್ತು.

ಸಂಜೆ ಹೆಂಗಸರೆಲ್ಲ ನಗುತ್ತಾ ಮರಳಿದರು. ಒಬ್ಬೊಬ್ಬರನ್ನೇ ಎಣಿಸಿದೆ. ಎಲ್ಲರೂ ಇದ್ದರು. ಕಸ್ತೂರೆವ್ವ ನಮ್ಮಿಬ್ಬರ ಮನೆಗಳ ನಡುವಿನ ಗೋಡೆಯ ಮೇಲೆ ಕೌದಿ ಹರವುತ್ತಿದ್ದಳು.

“ಹಳೇ ಕಲ್ಲಿಗಿ ಇಳೀಲಿಲ್ಲ ಹೌದಲ್ಲ?” ಎಂದು ಕೇಳಿದೆ.

“ಎಲ್ಲಿ ಇಳಿಯೂದ್ರಿ ವೈನಿ? ಅಲ್ಲಿ ಕಾಕಾ ಕೋಲ ಊರಿ, ದಾರ ಅಡ್ಡ ಬಿಟ್ಟ ಹೋಗಿದ್ದ. ಗಾಳ ಕೌದಿಗಿ ಸಿಕ್ಕೊಂಡ್ರ ಯಾರ ಬಿಡಸಬೇಕು ಅಂತ ನಾವ ಮ್ಯಾಲಿನ ಕಲ್ಲಿಗಿ ಹೋದ್ವಿ.”

“ಕಾಕಾ ಎಲ್ಲಿದ್ರು?”

“ನಾ ಕಾಣಲಿಲ್ಲ. ಎಲ್ಲ್ಯೋ ಚಾ ಕುಡ್ಯಾಕ ಹೋಗಿರಬೇಕು.” ಅವಳು ಕೌದಿಯ ಮೂಲೆಯನ್ನು ಹಿಂಡಿ ನೀರು ಝಾಡಿಸಿದಳು. “ಚಪ್ಪಲಿ ನೀರಿನ ದಂಡ್ಯಾಗ ಬಿಟ್ಟ ಹೋಗ್ಯಾನ ನೋಡ್ರಿ, ಹೊಸಾವು. ಹರಕೊಂಡ ಹೋದಾವು ಅಂತ ನಾನ ಎತ್ತಿ ಕಲ್ಲಿನ ಮ್ಯಾಲ ಇಟ್ಟ ಬಂದೇನಿ. ಬಂದ್ರ ಹೇಳ್ರಿ, ಪಾಪ, ಹುಡಕ್ಯಾನು.”