ಕಾಕು ಕೂಗಿದ ಸವಾಲು

ಮೊನ್ನೆ ಅಣ್ಣಿಗೇರಿಯಿಂದ ಬರುವ ಬಸ್ಸಿನಲ್ಲಿ ಯಾರೋ ಒಣ ಮೆಣಸಿನಕಾಯಿಯ ಚೀಲ ತಂದು ನನ್ನ ಸೀಟಿನ ಬಾಜೂ ಇಟ್ಟರು. ಘಾಟಿಗೆ ನಾಲ್ಕು ಸೀನು ಬಂದವು. ಐದನೆಯದಕ್ಕೆ ಕಾಕು ನೆನಪಾದರು...

ಶಾಲೆಯಲ್ಲಿ ನೌಕರಿ ಸಿಕ್ಕ ಹೊಸದರಲ್ಲಿ ನಾನು ಬಾಡಿಗೆಗೆ ಹಿಡಿದದ್ದು ಅವರ ಪಕ್ಕದ ಮನೆ. ಅವರ ಗಂಡನನ್ನು ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು, ಅವರನ್ನು ಕಾಕು. ಊರ ಮಾರುಕಟ್ಟೆಯಲ್ಲಿ ಸವಾಲು, ಅಂದರೆ ಹರಾಜು, ಕೂಗುವುದು ಕಾಕಾನ ಕೆಲಸ. ರೈತರು ಸುರಿದ ಮೆಣಸಿನಕಾಯಿ ರಾಶಿಯ ಮುಂದೆ ನಿಂತು ವ್ಯಾಪಾರಿಗಳಿಂದ ದರ ಏರಿಸಬೇಕು. ಗಂಟಲಿನ ಆಪರೇಷನ್ ಆಗಿ ಕಾಕಾನ ದನಿ ಹೋಯಿತು. ಅಂದಿನಿಂದ ಅವರು ಬೆರಳು ತೋರಿಸುವುದು, ಹಿಂದೆ ನಿಂತ ಕಾಕು ಕೂಗುವುದು. ಮೂರನೆಯ ಸಲ ಕೂಗುವ ಮೊದಲು ಕಾಕು ರೈತನ ಕಡೆ ತಿರುಗಿ ಕೊಡಲೇ ಎಂದು ಕೇಳುತ್ತಿದ್ದರು. ಅವನು ಒಪ್ಪದಿದ್ದರೆ ಸವಾಲು ಮತ್ತೆ ಮೊದಲಿನಿಂದ. ವ್ಯಾಪಾರಿಗಳಿಗೆ ಆ ಪ್ರಶ್ನೆ ಮೆಣಸಿನಕಾಯಿಗಿಂತ ಖಾರವಾಗಿತ್ತು.

ಅವರಲ್ಲೊಬ್ಬ ಮಾರುಕಟ್ಟೆಯ ಕಚೇರಿಗೆ ತಕರಾರು ಅರ್ಜಿ ಕೊಟ್ಟ. ಸವಾಲು ಕೂಗಲು ಲೈಸೆನ್ಸ್ ಕೊಡುವುದು ಮನುಷ್ಯನಿಗೆ, ಮನೆತನಕ್ಕಲ್ಲ. ಹೆಸರು ಕಾಕಾನದು, ಕೂಗುವವರು ಬೇರೆ. ಮಾತು ಸುಳ್ಳೇನಲ್ಲ, ಆದರೂ ನನಗೆ ಮೈಯೆಲ್ಲ ಉರಿಯಿತು. ಕಾಕು ಕೂಗುವುದು ನಿಂತಿತು. ಆ ಮನೆಗೆ ಬೇರೆ ಗಳಿಕೆ ಇರಲಿಲ್ಲ.

ಕಾಕುವಿನ ಹೆಸರಿನಲ್ಲೇ ಲೈಸೆನ್ಸ್ ಕೇಳಿ ಅರ್ಜಿ ಬರೆದುಕೊಟ್ಟವಳು ನಾನು. ಇಬ್ಬರ ಜಾಮೀನು ಸಹಿ ಬೇಕೆಂದು ರೂಲಿತ್ತು, ವ್ಯಾಪಾರಿಗಳ ಅಂಗಡಿ ಅಂಗಡಿ ಅಲೆದೆವು. ಒಬ್ಬನ ಪೆನ್ನು ನಡೆಯುತ್ತಿರಲಿಲ್ಲವಂತೆ. ಇನ್ನೊಬ್ಬ ಹುಬ್ಬಳ್ಳಿಗೆ ಹೋಗಿದ್ದನಂತೆ, ಅವನ ಚಪ್ಪಲಿ ಮಾತ್ರ ಬಾಗಿಲಲ್ಲೇ ಇದ್ದವು! ಇನ್ನು ಬಿಟ್ಟುಬಿಡಿ ಕಾಕು, ಇವರು ಸಹಿ ಹಾಕುವವರಲ್ಲ ಎಂದೆ. ನನ್ನ ಪೌರುಷ ಅಷ್ಟಕ್ಕೇ ಮುಗಿದಿತ್ತು.

"ಅಕ್ಕೋರ, ಆ ರೂಲ ಇನ್ನೊಮ್ಮೆ ಓದ್ರಿ. ಅದರಾಗ ಏನ್ ಬರದೈತಿ, ಅಷ್ಟ ಓದ್ರಿ" ಎಂದರು ಕಾಕು.

ಓದಿದೆ. ಮಾರುಕಟ್ಟೆಯ ಲೈಸೆನ್ಸ್ ಇರುವ ಇಬ್ಬರು ಸಹಿ ಹಾಕಬೇಕು ಎಂದಿತ್ತು. ವ್ಯಾಪಾರಿಗಳೇ ಆಗಬೇಕೆಂದು ಎಲ್ಲಿಯೂ ಇರಲಿಲ್ಲ.

"ಚೀಲಾ ಹೊರೋ ಹಮಾಲರಿಗೂ ಲೈಸೆನ್ಸ್ ಐತಲ್ರಿ."

ಹತ್ತು ಸಲ ಓದಿದ ನನಗೆ ಕಾಣದ್ದು ಒಮ್ಮೆ ಕೇಳಿದ ಅವರಿಗೆ ತಿಳಿಯಿತು. ಮರುದಿನವೇ ಇಬ್ಬರು ಹಮಾಲರು ಬಂದು, ಟವೆಲ್ಲಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಜೋಡಿಸಿ ಸಹಿ ಹಾಕಿದರು. ತಕರಾರಿನವನು ಕಚೇರಿಯಲ್ಲಿ ಹಾರಾಡಿದ. ಸಾಹೇಬರು ರೂಲಿನ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, ಬೇರೆ ದಾರಿ ಕಾಣದೆ ಶಿಕ್ಕಾ ಒತ್ತಿದರು.

ಮೊದಲ ದಿನದ ಸವಾಲು ನೋಡಲೆಂದೇ ನಾನು ಅರ್ಧ ದಿನ ರಜೆ ಹಾಕಿದೆ. ವ್ಯಾಪಾರಿಗಳು ಬಾಯಿ ಬಿಡಬಾರದೆಂದು ಮಾತಾಡಿಕೊಂಡಿದ್ದರು. ಕಾಕು ಕೂಗಿದರು... ಯಾರೂ ಉಸಿರೆತ್ತಲಿಲ್ಲ. ಮತ್ತೆ ಕೂಗಿದರು. ಆಗ ಗದಗಿನ ಕಡೆಯಿಂದ ಬಂದಿದ್ದ, ಈ ಒಪ್ಪಂದದ ಗಂಧಗಾಳಿ ಇಲ್ಲದ ವ್ಯಾಪಾರಿಯೊಬ್ಬ ಒಂದು ದರ ಹೇಳಿಬಿಟ್ಟ. ಅಂಥ ಕೆಂಪು ಮಾಲು ಪರ ಊರಿನವನ ಪಾಲಾಗುವುದನ್ನು ನಮ್ಮವರು ನೋಡುತ್ತ ನಿಂತಾರೆಯೇ? ಒಬ್ಬ ಬಾಯಿ ಬಿಟ್ಟ, ಅವನ ಹಿಂದೆ ಎಲ್ಲರೂ ಬಿಟ್ಟರು. ಕಡೆಯ ದರ ಕೂಗಿದವನು ತಕರಾರಿನವನೇ. ಕಾಕು ರೈತನ ಕಡೆ ತಿರುಗಿದರು.

"ಕೊಡ್ಲೇನ್ರಿ?"

ರೈತ ನಗುತ್ತ ಹೂಂ ಎಂದ. ಹಮಾಲರು ಟವೆಲ್ ಹಾರಿಸಿದರು. ನಾನು ಟೀಚರ್ ಎಂಬುದನ್ನೂ ಮರೆತು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದೆ. ಅಷ್ಟು ಸಂತೋಷ ನನ್ನ ನೌಕರಿಯ ಆರ್ಡರ್ ಬಂದ ದಿನವೂ ಆಗಿರಲಿಲ್ಲ. ಮುಂದೆ ಕಾಕು ಕೈಕಾಲು ಗಟ್ಟಿ ಇರುವವರೆಗೂ ಅಲ್ಲಿ ಕೂಗಿದರು.

ಈಗ ದರವೆಲ್ಲ ಮೊಬೈಲಿನಲ್ಲೇ ಬರುತ್ತದೆ. ಕಾಕು ತೀರಿಕೊಂಡು ಆರು ತಿಂಗಳಾಯಿತು. ಸತ್ತವರ ಲೈಸೆನ್ಸ್ ಕಚೇರಿಗೆ ಮರಳಿಸಬೇಕು ಎನ್ನುವುದೂ ಒಂದು ರೂಲು. ಹೋದ ತಿಂಗಳು ಕಚೇರಿಯ ಗುಮಾಸ್ತ ಅದನ್ನು ಕೇಳಿಕೊಂಡು ಬಂದಾಗ ನಾನು ಕಾಕಾನ ಮನೆಯಲ್ಲೇ ಇದ್ದೆ. ಕಾಕಾ ಅದನ್ನು ಎದೆಗೆ ಒತ್ತಿ ಹಿಡಿದು ತಲೆ ಅಲ್ಲಾಡಿಸಿದರು. ಗುಮಾಸ್ತ ಎರಡನೆಯ ಸಲ ಕೇಳಿ, ಮೂರನೆಯ ಸಲ ಕೇಳಲಾರದೆ, "ಇರ್ಲಿ ಬಿಡ್ರಿ ಕಾಕಾ, ಸಿಗಲಿಲ್ಲಂತ ಬರ್ಕೋತೀನಿ" ಎಂದು ಎದ್ದು ಹೋದ. ಕಾಕಾ ದನಿಯಿಲ್ಲದೆ ಅತ್ತರು. ಅವರ ಪಾಲಿನದನ್ನೂ ಸೇರಿಸಿ ನಾನು ಗಟ್ಟಿಯಾಗಿ ಅತ್ತೆ.