ಸೈಕಲ್ ಮೇಲೆ ಬಂದ ಸರ್ವೇದೋರು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಬೇರೆಯವರ ಮೇಲೆ ಸುಮ್ಮನೆ ಅನುಮಾನ ಪಡುವ ಕಷ್ಟ ತಪ್ಪುತ್ತದೆ. ನಾನಂತೂ ಆ ದಿನ ಯಾರನ್ನೂ ಬಿಡಲಿಲ್ಲ. ಚಹಾದಂಗಡಿಯವನ ಮೇಲೆ, ದಾರಿ ತೋರಿಸಿದವನ ಮೇಲೆ, ಹೊಲದ ಬೆದರುಬೊಂಬೆಯ ಮೇಲೆ, ಕೊನೆಗೆ ಜೊತೆಗಿದ್ದ ಗೆಳೆಯನ ಮೇಲೂ ಅನುಮಾನಪಟ್ಟೆ. ಪಡಬೇಕಾಗಿದ್ದ ಒಬ್ಬನನ್ನು ಮಾತ್ರ ಮರೆತೆ. ಅವನು ನನ್ನ ಹೆಲ್ಮೆಟ್ಟಿನ ಒಳಗೇ ಇದ್ದ.

ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಕಾಗದದ ನಕಲು ತೆಗೆಯುವುದು ಹೊಟ್ಟೆಪಾಡು, ಮನುಷ್ಯರ ನಕಲು ತೆಗೆಯುವುದು ಚಟ. ಹಾಸ್ಟೆಲ್ ವಾರ್ಡನ್ನು, ಸಿಟಿ ಬಸ್ಸಿನ ಕಂಡಕ್ಟರು, ಸೀನುವ ಮೊದಲು ನಮ್ಮಪ್ಪ ಎಳೆದುಕೊಳ್ಳುವ ಉದ್ದನೆಯ ಉಸಿರು, ಎಲ್ಲವೂ ನನ್ನ ಗಂಟಲಿನಲ್ಲಿವೆ. ನನ್ನನ್ನೂ ನಾನು ಬಿಟ್ಟಿಲ್ಲ. ಏರು ಹತ್ತುವಾಗ ನನ್ನ ಎದೆಯಿಂದ ಬರುವ ಸದ್ದು ಅಕ್ಕಿ ಮುಗಿದ ಮೇಲೂ ತಿರುಗುವ ಗ್ರೈಂಡರಿನದು. ಅದನ್ನು ಮಾಡಿ ತೋರಿಸಿದರೆ ಅಂಗಡಿಗೆ ಬರುವ ಹುಡುಗಿಯರು ನಗುತ್ತಾರೆ. ಬಂದ ಕೆಲಸ ಮುಗಿಸಿಕೊಂಡು ಹೋಗುತ್ತಾರೆ.

ಗೆಳೆಯ ಹರಿಹರದವನು, ಕಾರ್ಖಾನೆಯಲ್ಲಿ ಫಿಟ್ಟರ್. ನನಗಿಂತ ನಾಲ್ಕಾರು ವರ್ಷ ದೊಡ್ಡವನು, ಮಾತಿನಲ್ಲಿ ನನಗಿಂತ ತುಂಬ ಬಡವ. ಅವನ ಹತ್ತಿರ ಒಂದು ರಸ್ತೆ ಇತ್ತು. ಹೊಲ, ಸೈಟು ಇರುವವರು ಇರುತ್ತಾರೆ. ಇವನಿಗೆ ಇದ್ದದ್ದು ರಸ್ತೆ. ಚನ್ನಗಿರಿ ದಾಟಿ ಗುಡ್ಡದ ಕಡೆ ಹೋದರೆ ಲಾರಿ ಬಾರದ, ಬಸ್ಸು ಬಂದರೆ ದನಗಳೂ ತಲೆ ಎತ್ತಿ ನೋಡುವ, ಕಾಡಿನೊಳಗೆ ಸುತ್ತಿ ಮತ್ತೆ ಕಾಡಿನ ಅಂಚಿಗೇ ತಂದು ಬಿಡುವ ದಾರಿ. ಎರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಒಬ್ಬನೇ ಹೋಗಿ ಬರುತ್ತಿದ್ದ. ಯಾರಿಗೂ ಗುರುತು ಹೇಳುತ್ತಿರಲಿಲ್ಲ. ನಾನು ಗೋಗರೆದು, ಅವನದೇ ದನಿಯಲ್ಲಿ ಅವನನ್ನೇ ಬೇಡಿಕೊಂಡ ಮೇಲೆ ಒಪ್ಪಿದ.

"ಒಂದು ಮಾತು," ಅಂದ. "ಅಲ್ಲಿ ನಿನ್ನ ನಾಟಕ ಬ್ಯಾಡ. ಆ ದಾರಿ ಮ್ಯಾಲೆ ನನಗೊಂದು ಮರ್ಯಾದಿ ಐತೆ."

ಶನಿವಾರ ಹದಡಿಯಲ್ಲಿ ಕೂಡಿಕೊಂಡು ಸೈಕಲ್ ಮೇಲೆ ಹೊರಟೆವು. ರಾತ್ರಿ ಚನ್ನಗಿರಿಯಲ್ಲಿ ಅವನ ಅಕ್ಕನ ಮನೆಯಲ್ಲಿ ಉಂಡು ಮಲಗಿ, ಭಾನುವಾರ ಬೆಳಗಾಗುತ್ತಲೇ ಗುಡ್ಡದ ಕಡೆ ತಿರುಗಿದೆವು. ನನ್ನ ವೇಷವನ್ನು ಇಲ್ಲೇ ಹೇಳಿಬಿಡಬೇಕು. ಗೆಳೆಯ ಕಾರ್ಖಾನೆಯಿಂದ ತಂದುಕೊಟ್ಟ, ಬೆಳಕು ಬಿದ್ದರೆ ಹೊಳೆಯುವ ಹಳದಿ ಜಾಕೀಟು. ಹ್ಯಾಂಡಲ್ ಮೇಲೆ ದಾರಿ ತೋರಿಸುವ ಮೊಬೈಲು. ಕ್ಯಾರಿಯರ್ ಮೇಲೆ ಮಂಡಕ್ಕಿ ಚೀಲ, ಅದರ ಪಕ್ಕ ಕಟ್ಟಿದ ಮೂರು ಕಾಲಿನ ಕ್ಯಾಮೆರಾ ಸ್ಟ್ಯಾಂಡು. ಕಾಡಿನ ನಡುವೆ ನಿಂತು ರೀಲ್ಸ್ ಮಾಡುವ ಆಸೆ ನನ್ನದು.

ಕಾಡಿನ ಒಳಗೆ ರಸ್ತೆ ಕಿರಿದಾಯಿತು. ಎರಡೂ ಕಡೆ ತೇಗ, ಮತ್ತಿ, ಬಿದಿರಿನ ಮೆಳೆ. ಚೈನಿನ ಸದ್ದು ನಮಗೇ ಕೇಳಿಸತೊಡಗಿತು. ಎಲ್ಲೋ ಕೆಂಬೂತ ಕೂಗಿತು. ನಾನು ತಿರುಗಿ ಕೂಗಿದೆ. ಅದು ಸುಮ್ಮನಾಯಿತು. ನಕಲಿ ಎಂದು ಗೊತ್ತಾಗಿರಬೇಕು. ಆ ದಿನ ನನ್ನನ್ನು ಸರಿಯಾಗಿ ಅನುಮಾನಿಸಿದ ಮೊದಲ ಜೀವ ಅದು.

ಕಾಡು ಮುಗಿದು ಮೊದಲ ಊರು ಬರುವ ಹೊತ್ತಿಗೆ ಗೆಳೆಯ ಇಳಿಜಾರಿನಲ್ಲಿ ಬಹಳ ಮುಂದೆ ಹೋಗಿದ್ದ. ಕಟ್ಟೆಯ ಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡ ಒಬ್ಬ ಯಜಮಾನ ಕೂತಿದ್ದ. ನನ್ನ ಜಾಕೀಟು ನೋಡಿದ, ಮೂರು ಕಾಲಿನ ಸ್ಟ್ಯಾಂಡು ನೋಡಿದ.

"ಯಾವೂರ್ರೀ? ಸರ್ವೇಕ್ಕೇನಾದ್ರೂ ಬಂದೀರೇನ್ರಿ?"

ಇಲ್ಲ ಅಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಹಿಂದೊಮ್ಮೆ ನಮ್ಮ ಮಾವನ ಸೈಟು ಅಳೆಯಲು ಬಂದಿದ್ದ ಸಾಹೇಬರೊಬ್ಬರು ನನ್ನ ಗಂಟಲಿನಲ್ಲಿ ಬಹಳ ದಿನದಿಂದ ಖಾಲಿ ಕೂತಿದ್ದರು. ಒಂದು ದವಡೆಯಲ್ಲಿ ಎಲೆಅಡಿಕೆ, ಮೇಲೆತ್ತಿದ ಗದ್ದ, ಮೂಗಿನಿಂದ ಹೊರಡುವ ಕನ್ನಡ. ಅವರೇ ಮಾತಾಡಿದರು.

"ಮತ್ತೇನ್ ಗಾಳಿ ಕುಡಿಯಾಕ ಬಂದೀವೇನ್ರೀ? ಸರ್ವೇ ಐತೆ. ಗುಡ್ಡದ ಮಗ್ಗಲಿನ ಹೊಲ ಯಾರ್ಯಾರವು? ಮಧ್ಯಾಹ್ನ ಅಳತಿ ಹಾಕ್ತೀವಿ. ಎಲ್ಲಾರೂ ಜಾಗದಾಗ ಇರ್ಬೇಕು."

ಯಜಮಾನ ನಗಲಿಲ್ಲ. ಟವೆಲ್ ಹೆಗಲಿಂದ ಕೈಗೆ ಇಳಿಯಿತು, ಆಮೇಲೆ ಕೈ ಮೊಬೈಲಿಗೆ ಹೋಯಿತು. ಇದನ್ನು ನಾನು ಕಲೆಗೆ ಸಿಕ್ಕ ಗೌರವ ಎಂದುಕೊಂಡು ಪೆಡಲ್ ತುಳಿದೆ. ಗೆಳೆಯನಿಗೆ ಹೇಳಲಿಲ್ಲ. ನಾಟಕ ಬೇಡ ಅಂದಿದ್ದನಲ್ಲ.

ಮುಂದಿನ ಊರಿನ ಚಹಾದಂಗಡಿ ಅವನ ಕಾಯಂ ಜಾಗವಂತೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

"ಎರಡು ಚಹಾ," ಅಂದ ಗೆಳೆಯ.

"ಹಾಲಿಲ್ಲ," ಅಂದ ಅಂಗಡಿಯವನು, ಹಾಲಿನ ಉರಿ ತಗ್ಗಿಸುತ್ತ.

"ಕರಿ ಚಹಾನೇ ಕೊಡಪ್ಪ."

"ಪುಡಿ ಇಲ್ಲ."

"ನೀರಾದ್ರೂ?"

"ಮೋಟ್ರು ಸುಟ್ಟೈತೆ." ಹೀಗೆಂದು ನಲ್ಲಿ ತಿರುಗಿಸಿ ಲೋಟ ತೊಳೆದ.

ಅಲ್ಲಿಂದ ನನ್ನ ಅನುಮಾನ ಶುರುವಾಯಿತು. ದಾರಿ ಕವಲಾದಲ್ಲಿ ಒಬ್ಬ, ಗೆಳೆಯನಿಗೆ ಗೊತ್ತಿದ್ದ ಬಲದ ದಾರಿಯನ್ನು ಬಿಟ್ಟು ಎಡಕ್ಕೆ ಕೈ ತೋರಿಸಿದ. "ಆ ಕಡೆ ರಸ್ತೆನೇ ಇಲ್ಲ ಬಿಡ್ರಿ," ಅಂದ. ಅವನ ಬೆನ್ನ ಹಿಂದೆಯೇ ರಸ್ತೆ ಡಾಂಬರು ಹೊದ್ದುಕೊಂಡು ಮಲಗಿತ್ತು. ಒಂದು ಬೈಕು ನಮ್ಮ ಹಿಂದೆ ಬರುತ್ತಿತ್ತು. ನಾವು ನಿಂತರೆ ಅದೂ ನಿಲ್ಲುತ್ತಿತ್ತು. ಗೆಳೆಯ ಕೈ ಎತ್ತಿದ ಮನೆಗಳಲ್ಲಿ ಜನ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮರ್ಯಾದಿ ಐತೆ ಅಂದವನ ಮರ್ಯಾದೆ ಇದೇ ಇರಬೇಕು ಎಂದುಕೊಂಡೆ. ಎರಡು ವರ್ಷ ಯಾರಿಗೂ ದಾರಿ ಹೇಳದವನು ಇಲ್ಲಿ ಏನೋ ಮಾಡಿಯೇ ಇದ್ದಾನೆ.

"ಖರೇ ಹೇಳು ದೋಸ್ತಾ," ಅಂದೆ. "ಹುಡುಗಿ ವಿಷಯನಾ? ಕೋಳಿ ಗೀಳಿ ಕದ್ದಿಯಾ?"

"ನಿನ್ನ ಮಾರಿ ನೋಡಿ ಹೆದರ್ಯಾರೆ," ಅಂದ. ಆದರೆ ಅವನ ಮುಖ ಬಾಡಿತ್ತು. "ಅಮ್ಮಾರ ಮನಿಗೆ ಹೋಗಾನ. ಅವರು ಹೇಳ್ತಾರೆ."

ಅಮ್ಮಾರು ಎಂದರೆ ಕಾಡಿನ ಅಂಚಿನ ಒಂಟಿ ಮನೆಯ ಹೆಂಗಸು. ಅವನು ಹೋದಾಗಲೆಲ್ಲ ಮಜ್ಜಿಗೆ ಕೊಟ್ಟು, "ಕೂಲಿ ಇಲ್ಲದ ಈ ತುಳಿತ ಯಾಕ ತುಳಿತಿಯಪ್ಪ" ಎಂದು ಬೈಯುತ್ತಿದ್ದಳಂತೆ. ಮನೆಯ ಹಿಂದೆ ಅವಳ ಮೆಕ್ಕೆಜೋಳ, ಅದರ ಹಿಂದೆ ಕಾಡು. ಅವಳ ಮಾವನ ಕಾಲದಿಂದ ಉತ್ತು ಬಂದದ್ದು, ಆದರೆ ಬಗರ್ ಹುಕುಂ ಹೊಲ. ಉಳುಮೆ ಇದೆ, ಪಹಣಿ ಇಲ್ಲ. ಹೊಲ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ಹೇಳಲು ಒಂದು ಬಾಂದು ಕಲ್ಲು ನೆಟ್ಟಿತ್ತು. ಅಳೆಯುವವನು ಆ ಕಲ್ಲನ್ನು ಈಚೆಗೆ ಸರಿಸಿದರೆ ಅಷ್ಟು ಜೋಳ ಕಾಡಾಗುತ್ತದೆ. ಇದೆಲ್ಲ ಗೆಳೆಯ ದಾರಿಯಲ್ಲಿ ಹೇಳಿದಾಗ ನಾನು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡೆ. ಬಾಯಿ ಖಾಲಿ ಇರುವುದು ಒಳ್ಳೆಯದಲ್ಲ ಅನಿಸಿತು.

ಮನೆಗೆ ಬೀಗ ಹಾಕಿತ್ತು. ಒಣಗಿ ನಿಂತ ಜೋಳದ ನಡುವೆ ನಡೆದು ಹೋದರೆ, ಹೊಲದ ಕೊನೆಯಲ್ಲಿ ಅವಳು ಸೆರಗು ಹರವಿಕೊಂಡು ಕೂತಿದ್ದಳು. ಸೆರಗಿನ ಅಂಚಿನಲ್ಲಿ ಕಲ್ಲಿನ ಮೂಲೆ ಕಾಣುತ್ತಿತ್ತು. ಬಾಂದು ಕಲ್ಲಿನ ಮೇಲೆ ಕೂತಿದ್ದಳು. ಸರ್ವೇ ಐತೆ ಎಂದು ಫೋನು ಬಂದ ಹೊತ್ತಿನಿಂದ ಬಿಸಿಲಲ್ಲಿ, ಊಟವಿಲ್ಲದೆ.

"ಅಮ್ಮಾರೆ, ನಾನ್ರಿ. ಹರಿಹರದ ಸೈಕಲ್‌ನೋನು."

"ಗೊತ್ತೈತೆ." ಅವಳು ಅಲುಗಾಡಲಿಲ್ಲ. "ಎರಡು ವರ್ಷ ಮಜ್ಜಿಗಿ ಕುಡದು ಕುಡದು ಇದರ ಅಳತಿ ತಗಂತಿದ್ದೇನಪ್ಪಾ?"

ಗೆಳೆಯನಿಗೆ ಅರ್ಥವಾಗಲಿಲ್ಲ. ಅವಳು ಗದ್ದದಿಂದ ನನ್ನ ಜಾಕೀಟು ತೋರಿಸಿದಳು, ಸ್ಟ್ಯಾಂಡು ತೋರಿಸಿದಳು. ಅವನು ನಿಧಾನವಾಗಿ ನನ್ನ ಕಡೆ ತಿರುಗಿದ. ಕಾರ್ಖಾನೆಯಲ್ಲಿ ಸದ್ದು ಮಾಡುವ ಬೇರಿಂಗನ್ನು ಇವನು ಹೀಗೇ ನೋಡುತ್ತಾನೇನೋ.

"ನಾನೇ ಅಮ್ಮಾರೆ," ಅಂದೆ. "ತಮಾಷಿಗೆ ಅಂದಿದ್ದು. ಸರ್ವೇ ಇಲ್ಲ, ಸಾಹೇಬ್ರಿಲ್ಲ. ನಾ ಜೆರಾಕ್ಸ್ ಅಂಗಡಿಯೋನು."

ಅಷ್ಟರಲ್ಲಿ ಬೈಕು ಬಂದು ನಿಂತಿತು. ಬೆಳಗಿನಿಂದ ಹಿಂಬಾಲಿಸಿದವನು ಕಟ್ಟೆಯ ಯಜಮಾನನೇ.

"ಸುಳ್ಳು," ಅಂದ ಅವನು. "ಈ ಮಾರಿ ಹೌದು, ದನಿ ಇದಲ್ಲ. ನನ್ನ ಕೂಡ ಮಾತಾಡಿದ್ದು ಸಾಹೇಬ್ರ ದನಿ. ಸಾಹೇಬ್ರು ಎಲ್ಲೋ ಮರೆಯಾಗ ಕುಂತಾರೆ, ಇವನ್ನ ಮುಂದ ಬಿಟ್ಟಾರೆ."

ನಿಜ ಹೇಳಿದ್ದಕ್ಕೆ ಸುಳ್ಳುಗಾರನಾದದ್ದು ಅದೇ ಮೊದಲು. ಉಳಿದದ್ದು ಒಂದೇ ಉಪಾಯ. ಬಾಯೊಳಗೆ ಇಲ್ಲದ ಎಲೆಅಡಿಕೆಯನ್ನು ದವಡೆಗೆ ತಳ್ಳಿ, ಗದ್ದ ಎತ್ತಿ, "ಮತ್ತೇನ್ ಗಾಳಿ ಕುಡಿಯಾಕ ಬಂದೀವೇನ್ರೀ?" ಅಂದೆ. ಎದುರಿಗೇ ನಿಂತು ನೋಡುತ್ತಿದ್ದರೂ ಯಜಮಾನನ ಟವೆಲ್ ಮತ್ತೆ ಹೆಗಲಿನಿಂದ ಇಳಿಯಿತು. ಇಳಿದ ಟವೆಲನ್ನು ಅವನೇ ನೋಡಿಕೊಂಡ. ನಾಚಿಕೆಯಾಗಿ ಅದರಿಂದ ಮುಖ ಒರೆಸಿಕೊಂಡ.

ನಂಬಿಕೆ ಇನ್ನಷ್ಟು ಗಟ್ಟಿಯಾಗಲಿ ಎಂದು ಕಂಡಕ್ಟರನ್ನು ಕರೆದೆ, ವಾರ್ಡನ್ನನ್ನು ಕರೆದೆ. ಕೊನೆಗೆ ಹಾಲು ಉಕ್ಕಿಸುತ್ತ "ಹಾಲಿಲ್ಲ" ಅನ್ನುವ ಚಹಾದಂಗಡಿಯವನನ್ನೂ ಮಾಡಿದೆ. ಯಜಮಾನ ಬೈಕಿನ ಸೀಟಿಗೆ ಬಡಿದುಕೊಂಡು ನಕ್ಕ. ಗೆಳೆಯ ನಗಲಿಲ್ಲ. ಅವಳೂ ನಗಲಿಲ್ಲ. ಎಲ್ಲ ಮುಗಿಯುವವರೆಗೆ ನೋಡಿದಳು, ಮೊಣಕಾಲಿಗೆ ಕೈ ಊರಿ ಕಲ್ಲಿನಿಂದ ಎದ್ದಳು, ಸೆರಗಿನ ಮಣ್ಣು ಕೊಡವಿದಳು. ಗೆಳೆಯನಿಗೆ, "ಬಾರಪ್ಪ, ಮಜ್ಜಿಗಿ ಐತೆ," ಅಂದಳು.

ಎಲ್ಲ ಸರಿಹೋಯಿತು ಎಂದು ನನಗೆ ಹುರುಪು ಬಂತು. "ನೋಡಿದ್ರಲ್ಲ ಅಮ್ಮಾರೆ," ಅಂದೆ. "ನಾ ಬರೀ ಕಲಾವಿದ. ನನ್ನಿಂದ ಯಾರಿಗೂ ತೊಂದ್ರಿ ಇಲ್ಲ."

ಅವಳು ಜೋಳದ ಸಾಲಿನ ನಡುವೆ ನಿಂತು ತಿರುಗಿದಳು.

"ಸಾಹೇಬನ ದನಿ ನಮ್ಮ ಮುಂದ ತೆಗದ್ಯಲ್ಲ ತಮ್ಮಾ, ಖರೇ ಸಾಹೇಬ ಬಂದಾಗ ಅವನ ಮುಂದ ನನ್ನ ದನಿ ತೆಗಿ. ಅಲ್ಲಿಗಂಟ ಮಜ್ಜಿಗಿ ಇವನೊಬ್ಬನಿಗೇ."